ಹಾರ್ನು ಕಾಡಿನ ಕಡೆ ತಿರುಗಿದ ಸಂಜೆ

ಮೊದಲು ಹಾರ್ನಿನ ತಂತಿ, ಆಮೇಲೆ ಬ್ಯಾಟರಿ. ಈ ಕ್ರಮ ತಪ್ಪಬಾರದು ಎಂದು ನಮಗೆ ಕಲಿಸಿದ್ದರು. ಈಗ ಈ ಧ್ವನಿವರ್ಧಕದ ಕೆಲಸಕ್ಕೆ ಬರುತ್ತಿರುವವರಿಗೆ ಇದು ಅಷ್ಟು ಮುಖ್ಯವೆನಿಸಲಾರದು. ನಿಮ್ಮ ಆಂಪ್ಲಿಫೈಯರುಗಳು ಸಾಧು ಪ್ರಾಣಿಗಳು. ನಮ್ಮದು ಗಾಜಿನ ವಾಲ್ವುಗಳ ಪೆಟ್ಟಿಗೆ. ಹಾರ್ನು ಜೋಡಿಸದೆ ಬ್ಯಾಟರಿ ಕೊಟ್ಟು ಮೈಕಿನಲ್ಲಿ ಮಾತಾಡಿದರೆ, ಹೊರಗೆ ಹೋಗಲು ದಾರಿಯಿಲ್ಲದ ಶಕ್ತಿ ಒಳಗಿನ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತಿತ್ತು. ಸರಿಯಾಗಿ ಜೋಡಿಸಿದರೂ ಅದು ತಕ್ಷಣ ಮಾತಾಡುತ್ತಿರಲಿಲ್ಲ. ಸ್ವಿಚ್ಚು ಒತ್ತಿ ಕಾಯಬೇಕು. ಗಾಜಿನೊಳಗೆ ಎಳೆಯ ಕೆಂಪು ಮೂಡಬೇಕು, ಮೇಲೆ ಕೂತ ರಸ್ತೆಯ ಧೂಳು ಬಿಸಿಯಾಗಿ ಒಂದು ವಾಸನೆ ಬರಬೇಕು. ಆ ವಾಸನೆ ಬಂತೆಂದರೆ ಪೆಟ್ಟಿಗೆಗೆ ಎಚ್ಚರವಾಯಿತೆಂದು ಲೆಕ್ಕ. ಇವತ್ತಿಗೂ ಬಿಸಿಲಿಗೆ ಕಾದ ಕಪಾಟಿನ ಬಾಗಿಲು ತೆಗೆದಾಗ ಅದೇ ವಾಸನೆ ಬಂದಂತಾಗುತ್ತದೆ. ಯಾರೋ ಈಗ ಮಾತಾಡಲು ಶುರುಮಾಡುತ್ತಾರೆಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಡುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳವು. ಮೈಸೂರಿನಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿ, ಒಂದೆರಡು ಕಡೆ ಮೇಷ್ಟರಾಗಿ, ಎಲ್ಲಿಯೂ ಕಾಲು ನಿಲ್ಲದೆ, ಸರ್ಕಾರದ ಒಂದು ಪ್ರಚಾರ ಘಟಕಕ್ಕೆ ಧ್ವನಿವರ್ಧಕದ ಆಪರೇಟರಾಗಿ ಸೇರಿದ್ದೆ. ನಮ್ಮ ಪಾಲಿಗೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು. ಒಂದು ಜೀಪು, ಅದರ ನೆತ್ತಿಯ ಮೇಲೆ ಹಾರ್ನು, ಹಿಂದೆ ಆಂಪ್ಲಿಫೈಯರು, ಸೀಟಿನ ಕೆಳಗೆ ಬ್ಯಾಟರಿ. ಓಡಿಸುವವರು ಖಾದರ್ ಸಾಬರು. ಮೈಕಿನಲ್ಲಿ ಮಾತಾಡುವವರು ನಮ್ಮ ಅಧಿಕಾರಿ ಶಾಮಣ್ಣನವರು. ನಡುವೆ ನಾನು. ಆಮೇಲೆ ನಾನು ಮಾಡಿದ ಕೆಲಸಗಳು, ಏರಿದ ಹುದ್ದೆಗಳು ಯಾರಿಗೂ ಉಪಯೋಗಕ್ಕೆ ಬಾರದ ಸಂಗತಿಗಳು. ನಾನು ಬರೆಯಲು ಕೂತಿರುವುದು ಒಂದು ಸಂಜೆಯ ಕುರಿತು. ಆ ಸಂಜೆ ಕಾಡಂಚಿನ ಒಂದು ಊರಿನಲ್ಲಿ, ಜ್ವರ ಹತ್ತಿ ಕಾಡೊಳಗೆ ಉಳಿದುಹೋದ ಒಬ್ಬ ಮನುಷ್ಯ ಹೊರಗೆ ಬರುತ್ತಾನೋ ಇಲ್ಲವೋ ಎಂಬುದು ನಮ್ಮ ಹಾರ್ನು ಏನು ಹೇಳುತ್ತದೆ, ಹೇಗೆ ಹೇಳುತ್ತದೆ ಎಂಬುದರ ಮೇಲೆ ನಿಂತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ಹಲವು ಸಲ ತೆಗೆದು ಎಲ್ಲ ಸಲವೂ ಒಂದೇ ಉತ್ತರ ಬರೆದುಕೊಂಡು ಹೋದರೆ ನಮ್ಮ ಗುರುಗಳು ಹುಬ್ಬೇರಿಸುತ್ತಿದ್ದರು. ಆ ಸಂಜೆಯೂ ನೆನೆದಾಗಲೆಲ್ಲ ಒಂದೇ ಥರ ಬರುತ್ತದೆ, ಅದೇ ಬೆಳಕು, ಅದೇ ಗಾಳಿ. ಅದಕ್ಕೇ ಅನುಮಾನ. ಎಷ್ಟೋ ವರ್ಷಗಳ ಮೇಲೆ ಖಾದರ್ ಸಾಬರನ್ನು ಕೇಳಿದ್ದೆ. ಅವರ ನೆನಪಿನಲ್ಲಿ ಅವತ್ತು ಮೋಡ ಕವಿದಿತ್ತು. ನನ್ನದರಲ್ಲಿ ಆಕಾಶ ತೊಳೆದಿಟ್ಟ ಹಾಗಿದೆ. ಇಬ್ಬರೂ ಸುಳ್ಳು ಹೇಳುವವರಲ್ಲ.

ನಾನು ಮೊದಲ ಸಲ ಸೆಟ್ಟು ಕಟ್ಟಿದ್ದು ಶಿಕಾರಿಪುರದ ಕೆರೆ ಏರಿಯ ಮೇಲೆ. ಜಪಾನಿ ಪದ್ಧತಿಯಲ್ಲಿ ಭತ್ತದ ನಾಟಿ ಮಾಡುವುದರ ಬಗ್ಗೆ ಶಾಮಣ್ಣನವರ ಭಾಷಣವಿತ್ತು. ನಾನು ಓದಿದ್ದೆಲ್ಲ ತಲೆಯಲ್ಲಿತ್ತು, ಕೈಗೆ ಇನ್ನೂ ಇಳಿದಿರಲಿಲ್ಲ. ಮೈಕನ್ನು ಹಾರ್ನಿನ ಬಾಯಿಯ ಮುಂದೆಯೇ ನಿಲ್ಲಿಸಿದೆ. ಶಾಮಣ್ಣನವರು ಜೇಬಿನಿಂದ ಪೆನ್ನು ತೆಗೆದು ಮೈಕಿನ ತಲೆಗೆ ಟಕ್ ಟಕ್ ಎಂದು ಬಡಿದರು. ಅಷ್ಟೇ. ಹಾರ್ನಿನಿಂದ ಬಂದ ಶಬ್ದ ಮೈಕಿಗೆ ಹೋಗಿ, ಮೈಕಿನಿಂದ ಮತ್ತೆ ಹಾರ್ನಿಗೆ ಬಂದು, ಸುತ್ತಿ ಸುತ್ತಿ ಕಿರುಚತೊಡಗಿತು. ಏರಿಯ ಕೆಳಗೆ ನಿಂತಿದ್ದ ಗಾಡಿಯ ಎತ್ತುಗಳು ಬೆದರಿ ಗಾಡಿಯ ಸಮೇತ ಗದ್ದೆಗೆ ಇಳಿದವು. ನಾನು ಓಡಿ ಮೈಕನ್ನು ಎತ್ತಿಕೊಂಡು ಹಾರ್ನಿನ ಬೆನ್ನ ಹಿಂದಕ್ಕೆ ಹೋದ ಮೇಲೆ ಅದು ನಿಂತಿತು.

"ಏನ್ರೀ ಅದು, ಹಂದಿ ಕೊಯ್ದಂಗ?" ಎಂದ ಗಾಡಿಯವನು, ಎತ್ತಿನ ಹಗ್ಗ ಎಳೆಯುತ್ತ.

"ವಿಜ್ಞಾನ ಕಣಪ್ಪ," ಎಂದರು ಶಾಮಣ್ಣನವರು, ನನ್ನ ಕಡೆ ನೋಡದೆ.

"ಹಂಗಾರ ಅದನ್ನ ಕಟ್ಟಿ ಹಾಕ್ರಿ. ಬಿಟ್ಟಿದ್ದು ಯಾಕ?"

ಅವತ್ತು ಇನ್ನೊಂದು ತಪ್ಪೂ ಆಗಿತ್ತು. ಗಡಿಬಿಡಿಯಲ್ಲಿ ಹಾರ್ನಿನ ಬಾಯಿ ನೀರಿನ ಕಡೆಗೆ ತಿರುಗಿತ್ತು. ಎದುರಿಗೆ ಕೂತ ರೈತರಿಗೆ ಭಾಷಣ ಅರ್ಧಂಬರ್ಧ ಕೇಳಿಸಿತು. ಕೆರೆಯ ಆಚೆ ದಡದಲ್ಲಿ ಬಟ್ಟೆ ಹಿಂಡುತ್ತಿದ್ದವರು ಮಾತ್ರ ನಿಂತು ಪ್ರತಿ ಮಾತನ್ನೂ ಕೇಳುತ್ತಿದ್ದರು. ಹೊತ್ತು ಮುಳುಗುವ ಸಮಯ. ನೀರಿನ ಮೇಲೆ ಶಾಮಣ್ಣನವರ ದನಿ ದೋಣಿಯ ಹಾಗೆ ಹೋಗುತ್ತಿತ್ತು. ಆಚೆ ದಡದ ಯಾರೋ ಒಬ್ಬ ಹೆಂಗಸು ಏನೋ ಹೇಳಿ ನಕ್ಕದ್ದು ಅಷ್ಟು ದೂರದಿಂದ ನಮಗೆ ಪಕ್ಕದಲ್ಲಿ ನಕ್ಕ ಹಾಗೆ ಕೇಳಿಸಿತು. ಸಂಜೆ ನೆಲ, ನೀರುಗಳ ಹತ್ತಿರದ ಗಾಳಿ ತಣ್ಣಗಾಗುತ್ತದೆ. ಅದರ ಮೇಲಿನದು ಇನ್ನೂ ಬೆಚ್ಚಗಿರುತ್ತದೆ. ಆಗ ಶಬ್ದ ಮೇಲಕ್ಕೆ ಹಾರಿಹೋಗದೆ ಕೆಳಕ್ಕೆ ಬಾಗಿ ದೂರದವರೆಗೆ ಹರಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಒಂದು ಚಿತ್ರವಿತ್ತು. ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ. ಕಿವಿಯಿಂದ ಕೇಳಿದ್ದು ಅವತ್ತೇ ಮೊದಲು.

ಉಡುತಡಿಯಲ್ಲಿ ಬೇರೆಯ ಪಾಠ. ಜನ ಹೆಚ್ಚು ಸೇರುತ್ತಾರೆಂದು ಎರಡನೆಯ ಹಾರ್ನು ತರಿಸಿ ಬಯಲಿನ ಆ ತುದಿಗೊಂದು, ಈ ತುದಿಗೊಂದು ಕಟ್ಟಿದೆ. ನಡುವೆ ಕೂತವರಿಗೆ ಪ್ರತಿ ಮಾತೂ ಹತ್ತಿರದ ಹಾರ್ನಿನಿಂದ ಒಮ್ಮೆ, ದೂರದ್ದರಿಂದ ತಡವಾಗಿ ಇನ್ನೊಮ್ಮೆ ಬರುತ್ತಿತ್ತು. ಭಾಷಣ ಮುಗಿದ ಮೇಲೆ ಒಬ್ಬ ಯಜಮಾನರು ಬಂದು ಶಾಮಣ್ಣನವರ ಕೈ ಹಿಡಿದುಕೊಂಡರು. "ಚಲೋ ಹೇಳಿದ್ರಿ ಸಾಹೇಬ್ರ. ಮಂದಿಗೆ ಒಂದ್ಸಲ ಹೇಳಿದ್ರ ತಿಳಿಯಾಂಗಿಲ್ಲ ಅಂತ ಎಲ್ಲಾ ಎಲ್ಡೆಲ್ಡು ಸಲ ಹೇಳಿದ್ರಿ ನೋಡ್ರಿ, ಅದು ಬಾಳ ಚಲೋ ಆತು." ಶಾಮಣ್ಣನವರು ಆ ಹೊಗಳಿಕೆಯನ್ನು ನಿಜವಾದ ಹೊಗಳಿಕೆಯೆಂದೇ ತೆಗೆದುಕೊಂಡರು. ಇರಬಹುದು. ಆ ಯಜಮಾನರ ಮುಖ ನೆನಪು ಮಾಡಿಕೊಂಡು ನೋಡುತ್ತೇನೆ, ಮೀಸೆಯ ಕೆಳಗೆ ನಗುವಿತ್ತೋ ಇಲ್ಲವೋ ಈಗಲೂ ಹೇಳಲಾರೆ.

ಶಾಮಣ್ಣನವರು ಕೆಟ್ಟವರಲ್ಲ. ಬಿಸಿಲಿರಲಿ ಧೂಳಿರಲಿ ಕೋಟು ತೆಗೆಯುತ್ತಿರಲಿಲ್ಲ. ಎಂಥ ಸಣ್ಣ ಪ್ರಕಟಣೆಯನ್ನೂ ಕೂತು ಬರೆದು, 'ತಕ್ಕದ್ದು' ಎಂದು ಮುಗಿಸಿ, ಬರೆದದ್ದನ್ನೇ ಓದುತ್ತಿದ್ದರು. ದನಿ ಜೋರಾದಷ್ಟೂ ಸರ್ಕಾರ ಹತ್ತಿರವಿದೆ ಎಂದು ಜನಕ್ಕೆ ಅನಿಸುತ್ತದೆ ಎಂಬುದು ಅವರ ನಂಬಿಕೆ. "ಇನ್ನೂ ಜೋರು ಮಾಡ್ರೀ" ಎನ್ನುವುದು ಅವರು ನನಗೆ ಅತಿ ಹೆಚ್ಚು ಸಲ ಹೇಳಿದ ವಾಕ್ಯ.

ಸೊರಬದ ಕುಪ್ಪಗಡ್ಡೆಯಲ್ಲಿ ಒಂದು ಮಧ್ಯಾಹ್ನ ಅವರು ಪ್ರಕಟಣೆಯ ನಡುವೆ ಮಜ್ಜಿಗೆ ಕುಡಿಯಲು ಎದ್ದರು. ತಮಾಷೆಗೆ ಖಾದರ್ ಸಾಬರು ಮೈಕು ಹಿಡಿದು ಉಳಿದದ್ದನ್ನು ಹೇಳಿ ಮುಗಿಸಿದರು. ಕೇಳುತ್ತಿದ್ದವರಲ್ಲಿ ಒಬ್ಬರಿಗೂ ಮಾತಾಡುವವರು ಬದಲಾದದ್ದು ಗೊತ್ತಾಗಲಿಲ್ಲ. ಮಜ್ಜಿಗೆಯ ಲೋಟ ಹಿಡಿದು ಬಂದ ಶಾಮಣ್ಣನವರು, "ಒಂದು ಗಳಿಗೆ ನಾನೇ ಅಲ್ಲಿ ಮಾತಾಡ್ತಿದೀನಿ ಅನ್ನಿಸ್ತು ಕಣ್ರೀ," ಎಂದರು. ಹಾರ್ನು ದನಿಯ ಬುಡವನ್ನೂ ತುದಿಯನ್ನೂ ಕತ್ತರಿಸಿ ನಡುವಿನದನ್ನಷ್ಟೇ ಹೊರಗೆ ಬಿಡುತ್ತದೆ. ತುಂಬ ಜೋರು ಮಾಡಿದರೆ ಆ ನಡುವಿನದೂ ಹರಿದುಹೋಗುತ್ತದೆ. ಉಳಿಯುವುದು ಯಾರದೂ ಅಲ್ಲದ ಒಂದು ದನಿ. ಅವತ್ತು ನಾವು ಮೂವರೂ ನಕ್ಕೆವು.

ಕ್ಯಾಸನೂರಿನ ಕಡೆ ಮಂಗಗಳು ಸಾಯತೊಡಗಿದ್ದು ಆ ಕಾಲದಲ್ಲೇ. ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆ ಸಿಡಿಯುವ ನೋವು, ಏಳಲಾಗದ ನಿತ್ರಾಣ. ಕೆಲವರು ಉಳಿಯಲಿಲ್ಲ. ಡಾಕ್ಟರುಗಳು ಬಂದರು. ನಮಗೂ ಆದೇಶ ಬಂತು: ಕಾಡಂಚಿನ ಊರೂರಿಗೂ ಹೋಗಿ ಸಾರಬೇಕು. ಕಾಡಿಗೆ ಹೋಗಬೇಡಿ, ಸತ್ತ ಮಂಗವನ್ನು ಮುಟ್ಟಬೇಡಿ, ಜ್ವರ ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಬೇಸಿಗೆಯ ದಿನಗಳು. ಎಲೆ ಉದುರಿದ ಮರಗಳ ನಡುವೆ ನಮ್ಮ ಜೀಪು ಅದೇ ಮೂರು ಮಾತುಗಳನ್ನು ಹೇಳುತ್ತ ಹೋಗುತ್ತಿತ್ತು. ಹಿಂದೆ ಕೂತು ಕೇಳುತ್ತ ಕೇಳುತ್ತ ಮಾತುಗಳ ಅರ್ಥ ಕಳಚಿ ಬಿದ್ದು ನನಗೆ ಬರಿಯ ಏರಿಳಿತ ಉಳಿಯುತ್ತಿತ್ತು. ಕಾಡು ಅದನ್ನು ನಿಧಾನವಾಗಿ ನಮಗೇ ಹಿಂದಕ್ಕೆ ಹೇಳುತ್ತಿತ್ತು.

ಆ ಊರಿನ ಹೆಸರು ಬರೆಯುವುದಿಲ್ಲ. ನನ್ನ ನೆನಪಿನಲ್ಲಿ ಅದು ಒಮ್ಮೆ ಕ್ಯಾಸನೂರಿನ ಈಚೆಗಿರುತ್ತದೆ, ಒಮ್ಮೆ ಆಚೆಗೆ. ಊರ ಮುಂದೆ ಕೊಯ್ದ ಗದ್ದೆ, ಗದ್ದೆಯ ಕೊನೆಗೆ ಒಂದು ಹೊಳೆ, ಹೊಳೆ ದಾಟಿದರೆ ಕಾಡು. ಇಷ್ಟು ಖಂಡಿತ. ನಾವು ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೋಗಿ ಪ್ರಕಟಣೆ ಮುಗಿಸಿ ತಂತಿ ಸುತ್ತುತ್ತಿದ್ದೆವು. ಒಬ್ಬ ಹೆಂಗಸು ಗದ್ದೆಯ ಬದುವಿನ ಮೇಲೆ ಓಡುತ್ತ ಬಂದಳು. ಬಂದವಳು ನಮ್ಮನ್ನು ನೋಡದೆ ಜೀಪಿನ ನೆತ್ತಿಯನ್ನು ನೋಡಿದಳು.

"ಇದು ಹೊಳೆ ಆಚೆಗೆ ಕೇಳ್ತೈತಾ?" ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು.

ಅವಳು ಹೂವಮ್ಮ. ಗಂಡ ಕೆರಿಯಪ್ಪ ಬೆಳಿಗ್ಗೆ ನಾಲ್ಕು ಜನರ ಜೊತೆ ದರಗು ತರಲು, ಅಂದರೆ ದನದ ಕೊಟ್ಟಿಗೆಗೆ ಹಾಸುವ ಒಣಗಿದ ಎಲೆ ಗುಡಿಸಿ ತರಲು, ಕಾಡಿಗೆ ಹೋಗಿದ್ದ. ತಲೆ ಸಿಡೀತೈತೆ, ನೀವು ನಡೀರಿ, ಒಂದ್ಗಳಿಗೆ ಕುತ್ಗಂಡು ಬರ್ತೀನಿ ಎಂದು ಹಿಂದೆ ಉಳಿದವನು ಬರಲಿಲ್ಲ. ಜೊತೆಯವರು ತಿರುಗಿ ಹೋಗಿ ನೋಡಿದಾಗ ಕೂತ ಜಾಗದಲ್ಲಿ ಇರಲಿಲ್ಲ. ಅಲ್ಲೇ ಹತ್ತಿರ ಒಂದು ಸತ್ತ ಮಂಗ ಬಿದ್ದಿತ್ತು. ಅದನ್ನು ಕಂಡು ಅವರು ಓಡಿ ಬಂದಿದ್ದರು.

"ಈಗ ಯಾರೂ ಹೋಗಾಕೆ ಒಪ್ಪಲ್ಲ," ಎಂದಳು ಹೂವಮ್ಮ. "ನೀವೇ ಹೇಳೀರಿ, ಕಾಡಿಗೆ ಹೋಗಬ್ಯಾಡ್ರಿ ಅಂತ."

ಊರಿನ ಹಿರಿಯರಾದ ಗುತ್ಯಪ್ಪನವರೂ ಇನ್ನು ಕೆಲವರೂ ಅಷ್ಟರಲ್ಲಿ ಬಂದಿದ್ದರು. ಯಾರೂ ತಲೆ ಎತ್ತಲಿಲ್ಲ. ಹೊಳೆಯವರೆಗೆ ಹೋಗಿ ಡಬ್ಬ ಬಡಿದು ಬಂದಿದ್ದೇವೆ ಎಂದು ಒಬ್ಬ ಮೆಲ್ಲಗೆ ಹೇಳಿದ. ಜ್ವರ ಹತ್ತಿದವನು ದಾರಿ ತಪ್ಪಿ ಎಷ್ಟು ದೂರ ಹೋಗಿರುತ್ತಾನೆ? ಕತ್ತಲಾದರೆ, ನೀರಿಲ್ಲದ ಆ ಕಾಡಿನಲ್ಲಿ, ಬೆಳಗಾಗುವವರೆಗೆ ಉಳಿಯುತ್ತಾನೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಿಸಿಲು ಆಗಲೇ ಹಳದಿಗೆ ತಿರುಗಿತ್ತು.

ಶಾಮಣ್ಣನವರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯತೊಡಗಿದರು. ಖಾದರ್ ಸಾಬರು ಜೀಪನ್ನು ಗದ್ದೆಗೆ ಇಳಿಸಿ ಹೊಳೆಯ ದಡದವರೆಗೆ ತಂದರು. ನಾನು ಮೇಲೆ ಹತ್ತಿ ಹಾರ್ನನ್ನು ಕಾಡಿನ ಕಡೆ ತಿರುಗಿಸಿ ಬಿಗಿದೆ. ಮೊದಲು ತಂತಿ, ಆಮೇಲೆ ಬ್ಯಾಟರಿ. ಎರಡು ಸಲ ನೋಡಿಕೊಂಡೆ.

"ಶ್ರೀ ಕೆರಿಯಪ್ಪನವರು ಎಲ್ಲಿದ್ದರೂ ಕೂಡಲೇ ಈ ಧ್ವನಿ ಬರುವ ದಿಕ್ಕಿಗೆ ಬರತಕ್ಕದ್ದು. ಕೆರಿಯಪ್ಪನವರೇ. ಕೆರಿಯಪ್ಪನವರೇ."

ಕಾಡು ತಡೆದು, ಎಡಗಡೆಯ ಗುಡ್ಡದಿಂದ, 'ಪ್ಪನವರೇ' ಎಂದಿತು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಇನ್ನೊಂದು. ಕೊಕ್ಕರೆಗಳು ಎದ್ದು ಹೋದವು. "ಇನ್ನೂ ಜೋರು ಮಾಡ್ರೀ" ಎಂದರು ಶಾಮಣ್ಣನವರು. ಮಾಡಿದೆ. ಹೆಸರು ಈಗ ಹೆಸರಾಗಿ ಉಳಿದಿರಲಿಲ್ಲ. ಕಬ್ಬಿಣದ ಬಾಗಿಲನ್ನು ಎಳೆದ ಹಾಗಿತ್ತು. ಕರೆದರು, ಕಾದರು, ಮತ್ತೆ ಕರೆದರು. ಹೊಳೆಯ ಆಚೆ ಒಂದು ಎಲೆಯೂ ಅಲುಗಲಿಲ್ಲ.

ಗುತ್ಯಪ್ಪನವರು ಜೀಪಿನ ಹತ್ತಿರ ಬಂದು ಕೆಮ್ಮಿದರು.

"ಸಾಹೇಬ್ರೇ, ಸಿಟ್ಟು ಮಾಡ್ಕಬ್ಯಾಡ್ರಿ. ಹಂಗೆ ಕರದ್ರೆ ಅವ ಬರಾಂಗಿಲ್ಲ."

"ಯಾಕ್ರೀ?"

"ಕಾಡ್ನಾಗೆ ಯಾರನ್ನೂ ಹೆಸರಿಡ್ದು ಕೂಗಾಕಿಲ್ಲ ನಾವು. ಹಂಗೆ ಕೂಗಿದ್ದು ಕೇಳಿದ್ರೂ ಓ ಅನ್ನಾಕಿಲ್ಲ. ಹೆಸರಿಡ್ದು ಕೂಗಾದು ಮನುಷ್ಯರಲ್ಲ ಅಂತ."

"ಮತ್ತೆ ಹೇಗೆ ಕರೀತೀರಿ?"

"ಕೂ ಹಾಕ್ತೀವಿ. ಅಷ್ಟೇ."

ಶಾಮಣ್ಣನವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಗುತ್ಯಪ್ಪನವರಿಗೇ ಮೈಕು ಕೊಟ್ಟರು. ಗುತ್ಯಪ್ಪನವರು ಬಾಯಿಗೆ ಕೈ ಅಡ್ಡ ಹಿಡಿದು ತಮ್ಮ ಜೀವಮಾನದ ಅಭ್ಯಾಸದಂತೆ 'ಕೂ' ಎಂದರು. ಹಾರ್ನಿನಿಂದ ಬಂದದ್ದು ಶಿಕಾರಿಪುರದ ಕೆರೆ ಏರಿಯ ಮೇಲೆ ಎತ್ತು ಬೆದರಿಸಿದ ಅದೇ ಕಿರುಚಾಟದ ತಮ್ಮ. ಊರ ನಾಯಿಗಳೆಲ್ಲ ಬೊಗಳತೊಡಗಿದವು. ಗುತ್ಯಪ್ಪನವರು ಮೈಕನ್ನು ಹಾವಿನ ಹಾಗೆ ದೂರ ಹಿಡಿದರು.

"ಇದು ನಂದಲ್ಲ," ಎಂದರು. "ಇದನ್ನ ಕೇಳಿದ್ರೆ ನಾನೂ ಓಡ್ತೀನಿ."

ಆಗ ನನಗೆ ಕುಪ್ಪಗಡ್ಡೆಯ ಮಜ್ಜಿಗೆ ನೆನಪಾಯಿತು ಎಂದು ಬರೆಯಬೇಕು. ನೆನಪಾಯಿತೋ, ಈಗ ಬರೆಯುವಾಗ ಅಲ್ಲಿ ಸೇರಿಕೊಂಡಿತೋ ಗೊತ್ತಿಲ್ಲ. ಮುಂದಿನದು ನನಗೇ ಹೊಳೆಯಿತೆಂದು ನನ್ನ ನೆನಪು ಹೇಳುತ್ತದೆ. ನೆನಪು ನನ್ನನ್ನು ಹೀಗೆ ಮೆಚ್ಚಿಕೊಳ್ಳುವಾಗ ಅದರ ಮಾತನ್ನು ಅರ್ಧ ಕಳೆದು ಕೇಳುವುದು ಒಳ್ಳೆಯದು. ಖಾದರ್ ಸಾಬರೂ ಅದನ್ನೇ ಯೋಚಿಸುತ್ತಿದ್ದಿರಬಹುದು. ಏನೇ ಇರಲಿ, ನಾನು ಹೇಳಿದ್ದು ಇಷ್ಟು: ಹೂವಮ್ಮ ಮಾತಾಡಲಿ, ಹೆಸರು ಬೇಡ, ಜೋರೂ ಬೇಡ. ಮತ್ತು ಈಗಲೇ ಬೇಡ.

"ಈಗಲೇ ಬೇಡವೇ?" ಶಾಮಣ್ಣನವರ ಕಣ್ಣು ಕೆಂಪಾದವು. "ಕತ್ತಲಾಗ್ತಿದೆ ಕಣ್ರೀ."

"ನೆಲ ಇನ್ನೂ ಕಾದಿದೆ ಸಾರ್. ಶಬ್ದ ಎಲ್ಲಾ ಮೇಲಕ್ಕೆ ಹೋಗ್ತಿದೆ. ಜೋರು ಮಾಡಿದ್ರೆ ದನಿ ಕೆಡುತ್ತೆ, ಮೆಲ್ಲಗೆ ಮಾಡಿದ್ರೆ ಮುಟ್ಟೋದಿಲ್ಲ. ಸೂರ್ಯ ಆ ಮರಗಳ ಹಿಂದೆ ಇಳೀಲಿ. ಹೊಳೆಯ ಮೇಲೆ ತಂಪಾದ ಮೇಲೆ ಮೆಲ್ಲಗೆ ಮಾತಾಡಿದ್ರೂ ದೂರ ಹೋಗುತ್ತೆ. ಬ್ಯಾಟರಿನೂ ಉಳೀಬೇಕು."

"ನಿಮಗೆ ಖಾತ್ರಿ ಇದೆಯೋ?"

ಇರಲಿಲ್ಲ. ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದೆ, ಒಂದು ಸಲ ಕೆರೆಯ ಮೇಲೆ ಕೇಳಿದ್ದೆ. ಅಷ್ಟನ್ನು ನಂಬಿ ಒಬ್ಬ ಮನುಷ್ಯನ ಪಾಲಿಗೆ ಉಳಿದ ಹಗಲ ಬೆಳಕನ್ನು ಖರ್ಚು ಮಾಡಬಹುದೇ? ನಾನು ಹೂವಮ್ಮನ ಮುಖ ನೋಡಿದೆ. ಅವಳಿಗೆ ನಮ್ಮ ಮಾತು ಎಷ್ಟು ತಿಳಿಯಿತೋ, "ಹೊತ್ತು ಮುಳುಗುವಾಗ ನಮ್ಮೂರ ಮಾತು ಹೊಳೆ ಆಚೆ ಕೇಳ್ತೈತೆ. ದನ ಹೊಡ್ಕಂಡು ಬರಾರು ಹೇಳ್ತಾರೆ," ಎಂದಳು.

ಕಾದೆವು. ಆ ಕಾಯುವಿಕೆ ಎಷ್ಟು ಹೊತ್ತಿನದೋ, ನನ್ನೊಳಗೆ ಅದು ಇನ್ನೂ ಮುಗಿದಿಲ್ಲ. ಬಿಸಿಲು ಗದ್ದೆಯ ಕೂಳೆಗಳ ತುದಿಯಿಂದ ಒಂದೊಂದಾಗಿ ಕಳಚಿಕೊಂಡು ಹೋಯಿತು. ಹೊಳೆಯ ಮೇಲೆ ಹಾಲಿನ ಕೆನೆಯಂಥ ತೆಳುವಾದ ಮಂಜು ಕೂತಿತು. ನನ್ನ ಪಾದಗಳಿಗೆ ಮೊದಲು ತಣ್ಣಗಾಯಿತು. ಊರಿನ ಯಾವುದೋ ಮನೆಯಲ್ಲಿ ಕೊಡ ಇಟ್ಟ ಶಬ್ದ ನಮ್ಮ ಹಿಂದೆಯೇ ಇಟ್ಟ ಹಾಗೆ ಕೇಳಿಸಿತು. ಆಗ ಸ್ವಿಚ್ಚು ಒತ್ತಿದೆ. ವಾಲ್ವುಗಳು ಕೆಂಪಾದವು. ದನಿಯ ಗುಂಡಿಯನ್ನು ತೀರ ಕೆಳಕ್ಕೆ ಇಳಿಸಿ ಮೈಕನ್ನು ಹೂವಮ್ಮನ ಕೈಗೆ ಕೊಟ್ಟೆ.

"ಏನ್ ಹೇಳ್ಲಿ?"

"ಮನೇಲಿ ಕರೆಯೋ ಹಾಗೆ ಕರೀರಿ. ಅವರು ಪಕ್ಕದ ಕೋಣೆಯಲ್ಲಿದ್ದಾರೆ ಅಂದ್ಕೊಳ್ರಿ."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಮಗೆ ಬೆನ್ನು ಮಾಡಿ ನಿಂತಳು.

"ಏ, ಕೇಳ್ತಾ?" ಎಂದಳು. ಆ ಕಡೆ ಹೆಂಡತಿಯರು ಗಂಡನನ್ನು ಕರೆಯುವುದು ಹಾಗೆಯೇ. ಒಡೆದ ಗಂಟಲಿನ ಆ ದನಿ ಹಾರ್ನಿನಿಂದ ಹೊರಟು, ಎದ್ದು ನಿಲ್ಲದೆ, ಮಂಜಿನ ಮೇಲೆ ಮಲಗಿದ ಹಾಗೆ ಹೋಯಿತು. "ನಾನು. ಎಮ್ಮೆ ಈಯಾಕೆ ಹತ್ತೈತೆ. ಕರುವಿನ ಕಾಲು ಹೊರಗೆ ಬಂದೈತೆ. ನೀವು ಅಲ್ಲಿ ಕುತ್ಗಂಡು ಏನ್ ಮಾಡ್ತಿದೀರಿ? ನಾ ಒಬ್ಬಳೇ ಎಳೀಲಾ? ಬೆಳಿಗ್ಗೆ ಗಂಜಿ ಅರ್ಧ ಬಿಟ್ಟು ಹೋದ್ರಿ, ಹಂಗೇ ಮುಚ್ಚಿಟ್ಟೀನಿ. ಯಾವಾಗ್ಲೂ ನಿಮ್ದು ಇದೇ ಆತು. ಹೊಳೆ ಕಡೆಗೆ ಬರ್ರಿ. ಕಲ್ಲು ಜಾರ್ತಾವೆ, ನೋಡ್ಕಂಡು ಬರ್ರಿ."

"ಎಮ್ಮೆಗೆ ಇನ್ನೂ ತಿಂಗಳು ತುಂಬಿಲ್ಲ," ಎಂದು ಗುತ್ಯಪ್ಪನವರು ನನ್ನ ಕಿವಿಯಲ್ಲಿ ಹೇಳಿದರು.

ಅವಳು ನಿಲ್ಲಿಸಲಿಲ್ಲ. ಬೈದಳು, ರಮಿಸಿದಳು, ಮತ್ತೆ ಬೈದಳು. ಕೊಟ್ಟಿಗೆಯ ಸೋರುವ ಮೂಲೆ, ಅವನು ಕಟ್ಟದೆ ಬಿಟ್ಟ ಬೇಲಿ, ಅತ್ತೆಯ ಮೊಣಕಾಲು. ಒಂದು ಸಂಸಾರ ಪೂರ್ತಿ ಹೊಳೆ ದಾಟಿ ಕಾಡೊಳಗೆ ಹೋಗುತ್ತಿತ್ತು. ಶಾಮಣ್ಣನವರು ಒಮ್ಮೆಯೂ ಜೋರು ಮಾಡಿ ಎನ್ನಲಿಲ್ಲ. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಗುಡ್ಡಗಳು ಈ ದನಿಗೆ ಮಾತ್ರ ಉತ್ತರ ಕೊಡಲಿಲ್ಲ. ಅದು ಗುಡ್ಡದವರೆಗೆ ಏರಲೇ ಇಲ್ಲ.

ಬ್ಯಾಟರಿ ಸೋಲುತ್ತ ಬಂತು. ವಾಲ್ವಿನ ಕೆಂಪು ಮಂಕಾಯಿತು, ದನಿಯೂ ಸಣ್ಣಗಾಯಿತು. ಎಂಜಿನ್ನು ಹಾಕಿದರೆ ಬ್ಯಾಟರಿಗೆ ಜೀವ ಬರುತ್ತಿತ್ತು, ಆದರೆ ಆ ಗದ್ದಲದಲ್ಲಿ ಎದುರಿನಿಂದ ಬರುವ ಯಾವ ಸದ್ದೂ ಕೇಳುತ್ತಿರಲಿಲ್ಲ. ಖಾದರ್ ಸಾಬರು ಕೀಲಿಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಕೊನೆಗೆ ಹೂವಮ್ಮ ಮಾತಾಡುತ್ತಿದ್ದದ್ದು ನಮಗಷ್ಟೇ ಕೇಳುವಷ್ಟಾಯಿತು. ಅವಳಿಗೆ ಅದು ಗೊತ್ತಿರಲಿಲ್ಲ, ಮಾತಾಡುತ್ತಲೇ ಇದ್ದಳು. ಆಗ ಆಚೆ ದಡದ ಹತ್ತಿರ ಒಣ ಎಲೆ ಮುರಿದ ಸದ್ದಾಯಿತು. ದನವಿರಬೇಕೆಂದುಕೊಂಡೆ.

"ಕೂ," ಎಂದಿತು ಕತ್ತಲು. ತೀರ ಸಣ್ಣಗೆ.

ಗುತ್ಯಪ್ಪನವರು ಮೈಕಿಲ್ಲದೆ ಕೂ ಹಾಕಿದರು. ಹಾಕಿ ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದೇಬಿಟ್ಟರು. ಅವರ ಹಿಂದೆ, ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದವರೆಲ್ಲ ಇಳಿದರು. ಕೆರಿಯಪ್ಪನನ್ನು ಎತ್ತಿಕೊಂಡು ಬಂದಾಗ ಅವನ ಮೈ ಕಾದ ಹಂಚಿನ ಹಾಗಿತ್ತು. ಕಣ್ಣು ತೆರೆದು ಹೆಂಡತಿಯನ್ನು ಕಂಡು, "ಹೆಣ್ಣೋ ಗಂಡೋ?" ಎಂದ. ಕರುವಿನ ವಿಷಯ. ಅವಳು ಸೆರಗಿನಿಂದ ಅವನ ಹಣೆ ಒರೆಸಿದಳು. "ಹೆಣ್ಣು ಕಣೋ, ಹೆಣ್ಣು," ಎಂದರು ಗುತ್ಯಪ್ಪನವರು. ಶಾಮಣ್ಣನವರು ಕೋಟು ತೆಗೆದು ಅವನಿಗೆ ಹೊದಿಸಿದರು. ಅವರನ್ನು ಕೋಟಿಲ್ಲದೆ ನಾನು ನೋಡಿದ್ದು ಅದೊಂದೇ ಸಲ. ಸೋತ ಬ್ಯಾಟರಿಯ ಜೀಪನ್ನು ಊರವರು ಗದ್ದೆಯುದ್ದ ತಳ್ಳಿ ಎಂಜಿನ್ನು ಎಬ್ಬಿಸಿದರು. ಆಸ್ಪತ್ರೆಗೆ ಸೇರಿಸಿದೆವು.

ಅವನು ಬದುಕಿದ. ಬಹಳ ದಿನ ನೆಲ ಹಿಡಿದು, ಎದ್ದು ಊರಿಗೆ ಹೋದನೆಂದು ತಿಳಿಯಿತು. ಮೊದಲ ಮಳೆ ಬಿದ್ದ ಮೇಲೆ ಆ ಕಡೆ ಹೋಗುವ ಕೆಲಸ ಬಂದಾಗ ಶಾಮಣ್ಣನವರು ತಾವಾಗಿಯೇ ಜೀಪನ್ನು ಆ ಊರಿಗೆ ತಿರುಗಿಸಲು ಹೇಳಿದರು. ಕೆರಿಯಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಮುಖದಲ್ಲಿ ಮೂಳೆಯೇ ಹೆಚ್ಚಾಗಿತ್ತು. ನನಗೆ ತಿಳಿಯಬೇಕಿದ್ದದ್ದು ಒಂದೇ. ದನಿ ಎಷ್ಟು ದೂರ ಮುಟ್ಟಿತ್ತು? ಯಾವಾಗ ಮುಟ್ಟಿತ್ತು?

"ಮೊದಲು ಯಾರೋ ಹೆಸರಿಡ್ದು ಕೂಗಿದ್ರು ಸ್ವಾಮಿ," ಎಂದ. "ಒಂದ್ಸಲ ಆ ಗುಡ್ಡದಿಂದ, ಒಂದ್ಸಲ ಈ ಗುಡ್ಡದಿಂದ. ನಾ ಉಸ್ರು ಬಿಡ್ಲಿಲ್ಲ. ಎದ್ದು ಇನ್ನಷ್ಟು ಒಳಗೆ ಹೋದೆ."

ಶಾಮಣ್ಣನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಆಮ್ಯಾಲೆ ಇವ್ಳು ಬಂದ್ಲು."

"ಇವರ ದನಿ ಕೇಳಿಸಿತು ಅನ್ನಿ," ಎಂದೆ.

"ದನಿ ಯಾಕೆ? ಇವ್ಳೇ ಬಂದ್ಲು. ಒಂದು ಮತ್ತಿ ಮರದ ಬುಡಕ್ಕೆ ನಿಂತ್ಕಂಡು ಬೈದ್ಲು. ಸೆರಗು ತಲೆ ಮ್ಯಾಲೆ ಹಾಕ್ಕಂಡಿದ್ಲು. ನಾ ಹತ್ರ ಹೋದಂಗೆ ಮುಂದ್ಲ ಮರಕ್ಕೆ ಹೋಗಾಳು. ಹಂಗೇ ಹಿಂದೆ ಹಿಂದೆ ಬಂದೆ."

ಜ್ವರದ ಭ್ರಮೆ ಎಂದು ನನ್ನ ಓದು ಹೇಳಿತು. ಆದರೂ ಹೇಳದೆ ಇರಲಾಗಲಿಲ್ಲ. "ನಿಮ್ಮ ಹೆಂಡತಿ ಹೊಳೆಯ ಈಚೆ ದಡದಲ್ಲಿ, ಜೀಪಿನ ಪಕ್ಕ, ನನ್ನ ಕೈಯಳತೆಯಲ್ಲಿ ನಿಂತಿದ್ದರು. ಒಂದು ಹೆಜ್ಜೆಯೂ ಕದಲಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ," ಎಂದೆ. ಹಾಗೆನ್ನುತ್ತಿರುವಾಗಲೇ, ಅವಳು ನಮಗೆ ಬೆನ್ನು ಮಾಡಿ ನಿಂತಿದ್ದಳು, ನಾನು ಇಡೀ ಹೊತ್ತು ಗುಂಡಿಯನ್ನೂ ಮಂಕಾಗುವ ವಾಲ್ವುಗಳನ್ನೂ ನೋಡುತ್ತಿದ್ದೆ ಎಂಬುದು ನೆನಪಾಗಿ ಮಾತು ನಿಧಾನವಾಯಿತು.

ಕೆರಿಯಪ್ಪ ನನ್ನೊಡನೆ ವಾದಿಸಲಿಲ್ಲ. ಬಾಗಿಲ ಕಡೆ ತಿರುಗಿ, "ಹೇಳೇ ಇವ್ರಿಗೆ," ಎಂದ.

ಹೂವಮ್ಮ ಒಳಗಿನಿಂದ ನಮಗೆ ಬೆಲ್ಲ, ನೀರು ತಂದಿದ್ದಳು. ತಟ್ಟೆಯನ್ನು ಜಗಲಿಯ ಮೇಲೆ ಇಟ್ಟು, ಅವನ ಹೆಗಲಿನಿಂದ ಜಾರಿದ ಕಂಬಳಿಯನ್ನು ಸರಿಮಾಡಿದಳು. ಆಮೇಲೆ ನನ್ನನ್ನು ನೋಡಿದಳು.

"ನಾನು ಬರ್ದೇ ಇರ್ತಿದ್ನಾ, ಹೇಳ್ರಿ," ಎಂದಳು.